ಮನೆ ಮುಂದಿನ ಐದಡಿ ಮಣ್ಣಿಗೆ ಸೀಬೆ ಮರವೋ, ಹೂವಿನ ಗಿಡವೋ?

ಉತ್ತರಬಾಗಿಲು

ಎಲ್ಲರಿಗೂ ನಮಸ್ಕಾರ. ಬನಶಂಕರಿ ಕಡೆ 30×40 ಸೈಟಿನಲ್ಲಿ ನಮ್ಮ ಮನೆ. ಬಾಗಿಲು ಉತ್ತರಕ್ಕೆ. ಗೇಟಿನ ಪಕ್ಕ, ಕಾಂಪೌಂಡ್ ಒಳಗೆ 5 ಅಡಿ ಅಗಲ, 14 ಅಡಿ ಉದ್ದದ ಜಾಗಕ್ಕೆ ಮಾತ್ರ ಕಾಂಕ್ರೀಟ್ ಹಾಕಿಸಿಲ್ಲ. ಅಲ್ಲಿದ್ದ ಹಳೇ ಕ್ರೋಟನ್ ಗಿಡಗಳನ್ನು ಕಿತ್ತು ಹಾಕಿದ್ದೇವೆ. ಮಳೆ ಹಿಡಿಯುವ ಮುಂಚೆ ಒಂದು ಒಳ್ಳೆ ಗಿಡ ಹಾಕೋಣ ಅಂತ ಯೋಚನೆ.

ನನಗೆ ಸೀಬೆ ಬೇಕು. ಅತ್ತೆಗೆ ಪೂಜೆಗೆ ಹೂವು ಬೇಕು, ಕೆಂಪು ದಾಸವಾಳವೋ ನಂದಿಬಟ್ಟಲೋ ಏನಾದರೂ ಒಂದು. ಯಜಮಾನರನ್ನು ಕೇಳಿದರೆ "ನೀರು ಹಾಕೋರು ಯಾರು ಅಂತ ಮೊದಲು ಹೇಳಿ" ಅಂತಾರೆ. ಬೆಂಗಳೂರಿನಲ್ಲೇ ಹೀಗೆ ಸಣ್ಣ ಜಾಗದಲ್ಲಿ ಬೆಳೆಸಿದವರು ಹೇಳಿ. ಯಾವುದು ಸರಿ?

ಕೆಮ್ಮಣ್ಣು

ಸೀಬೆ ಹಾಕಿ ಮೇಡಂ, ಯೋಚನೆನೇ ಬೇಡ. ಇರೋದೇ ಅಷ್ಟು ಮಣ್ಣು. ಅದರಲ್ಲಿ ತಿನ್ನುವಂಥದ್ದು ಬೆಳೆಯದೆ ಇನ್ನೇನು ಬೆಳೆಯೋದು? ಬೆಂಗಳೂರಿನ ಕೆಂಪು ಮಣ್ಣು, ಇಲ್ಲಿನ ಹವೆ, ಸೀಬೆಗೆ ಎರಡೂ ಒಗ್ಗುತ್ತವೆ.

ಆದರೆ ಬೀಜದ ಗಿಡ ತರಬೇಡಿ. ಗೂಟಿ (ಮರದ ಮೇಲಿರುವಾಗಲೇ ರೆಂಬೆಗೆ ಬೇರು ಬರಿಸಿ ಕತ್ತರಿಸಿದ್ದು) ಅಥವಾ ಕಸಿ ಗಿಡವೇ ತನ್ನಿ. ಎರಡು ಮೂರು ವರ್ಷಕ್ಕೆ ಕಾಯಿ ಬಿಡುತ್ತದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರದೇ ತಳಿಗಳಿವೆ. ಅರ್ಕಾ ಕಿರಣ್‌ಗೆ ತಿರುಳು ಕೆಂಪು. ಅರ್ಕಾ ಮೃದುಲಾಗೆ ತಿರುಳು ಬಿಳಿ, ಬೀಜ ಮೆತ್ತಗೆ. ಹಲ್ಲು ಸರಿಯಿಲ್ಲದ ಹಿರಿಯರೂ ತಿನ್ನಬಹುದು. ಅತ್ತೆಯವರಿಗೆ ಈ ಮಾತು ತಿಳಿಸಿ, ಮನಸ್ಸು ಬದಲಾಯಿಸಬಹುದು.

ಹೂಬುಟ್ಟಿ

ಅಲ್ವಾ ಕೆಮ್ಮಣ್ಣು ಸರ್, ಸೀಬೆ ವರ್ಷಕ್ಕೆ ಎಷ್ಟು ತಿಂಗಳು ಸಿಗುತ್ತೆ? ಪೂಜೆ ದಿನಾ ಇರುತ್ತೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕೆ.ಆರ್. ಮಾರ್ಕೆಟ್‌ಗೆ ಹೋಗಿ ಬಂದವರನ್ನು ಕೇಳಿ, ಹೂವಿನ ಬೆಲೆ ಏನು ಅಂತ. ಮನೆ ಮುಂದೆ ಒಂದು ನಂದಿಬಟ್ಟಲು ಇದ್ದರೆ ಬೆಳಗ್ಗೆ ಬಿಳೀ ಹೂವಿಗೆ ಬರವಿಲ್ಲ.

ನನ್ನ ಓಟು ಅತ್ತೆಯವರಿಗೆ.

ಗಾಂಧಿಬಜಾರ್ ಗುಂಡ

ಹೂವಿನ ಗಿಡ ಹಾಕಿದರೆ ಹೂವು ನಿಮಗೆ ಸಿಗುತ್ತೆ ಅಂದುಕೊಂಡಿದ್ದೀರಾ? ಬೆಳಗ್ಗೆ ಐದೂವರೆಗೆ ವಾಕಿಂಗ್ ಬರೋರು ಕೈಯಲ್ಲಿ ಪ್ಲಾಸ್ಟಿಕ್ ಕವರ್, ತುದಿಗೆ ಕೊಕ್ಕೆ ಇರೋ ಕೋಲು ಹಿಡಿದೇ ಬರ್ತಾರೆ. ನಿಮ್ಮ ಗಿಡದ ಹೂವಲ್ಲಿ ಅವರ ಮನೆ ದೇವರಿಗೆ ಪೂಜೆ. ಪುಣ್ಯ ಯಾರಿಗೆ ಅನ್ನೋದು ಬೇರೆ ಚರ್ಚೆ.

ಯಲಹಂಕ ಹಿತ್ತಲು

ಸೀಬೆ, ಹೂವು ಅಂತ ಜಗಳ ಶುರುವಾಗುವ ಮುಂಚೆ ಒಂದು ಪ್ರಶ್ನೆ. ಆ ಜಾಗಕ್ಕೆ ನೇರ ಬಿಸಿಲು ದಿನಕ್ಕೆ ಎಷ್ಟು ಗಂಟೆ ಬೀಳುತ್ತೆ? ಉತ್ತರ ದಿಕ್ಕಿನ ಮುಂಭಾಗ ಅಂದಿರಿ, ಅದಕ್ಕೇ ಕೇಳಿದ್ದು. ಮನೆ ಎಷ್ಟು ಅಂತಸ್ತು?

ಉತ್ತರಬಾಗಿಲು

ನೆಲಮಹಡಿ, ಅದರ ಮೇಲೆ ಒಂದು. ಮೇಲೆ ತಾರಸಿ. ಬಿಸಿಲು ಚೆನ್ನಾಗೇ ಬೀಳುತ್ತೆ ಸರ್. ಈಗ ಮೇ ತಿಂಗಳಲ್ಲಿ ಮಧ್ಯಾಹ್ನ ಅಲ್ಲಿ ನಿಲ್ಲೋಕೇ ಆಗಲ್ಲ.

ಯಲಹಂಕ ಹಿತ್ತಲು

ಅದೇ ನೋಡಿ ಮೇಡಂ, ಮೇ ತಿಂಗಳ ಬಿಸಿಲು ನೋಡಿ ಗಿಡ ಆರಿಸಬಾರದು. ಬೆಂಗಳೂರು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಏಪ್ರಿಲ್ 24ರ ಹೊತ್ತಿಗೆ ಒಂದು ಸಲ, ಆಗಸ್ಟ್ 18ರ ಹೊತ್ತಿಗೆ ಇನ್ನೊಂದು ಸಲ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ. ಶೂನ್ಯ ನೆರಳಿನ ದಿನ ಅಂತ ಪೇಪರ್‌ನಲ್ಲಿ ಬರುತ್ತಲ್ಲ, ಅದೇ. ಆ ಎರಡು ದಿನಗಳ ನಡುವೆ ಮಾತ್ರ ಮಧ್ಯಾಹ್ನದ ಸೂರ್ಯ ನಮಗೆ ಉತ್ತರದಲ್ಲಿ ಇರುತ್ತಾನೆ. ಉಳಿದ ಎಂಟು ತಿಂಗಳು ದಕ್ಷಿಣಕ್ಕೆ ವಾಲಿರುತ್ತಾನೆ. ಅಂದರೆ ನಿಮ್ಮ ಮನೆಯ ನೆರಳು ನಿಮ್ಮ ಗಿಡದ ಮೇಲೇ ಬೀಳುತ್ತದೆ.

ಲೆಕ್ಕ ಬೇಕಾದರೆ ಇಲ್ಲಿದೆ. ಡಿಸೆಂಬರ್ ಕೊನೆಯಲ್ಲಿ ಮಧ್ಯಾಹ್ನ ಸೂರ್ಯ ದಿಗಂತದಿಂದ ಸುಮಾರು 53 ಡಿಗ್ರಿ ಎತ್ತರದಲ್ಲಿ ಇರುತ್ತಾನೆ. 24 ಅಡಿ ಎತ್ತರದ ಮನೆಯ ನೆರಳು ಉತ್ತರಕ್ಕೆ 17-18 ಅಡಿ ಚಾಚುತ್ತದೆ. ನಿಮ್ಮ ಮಣ್ಣಿನ ಅಗಲ 5 ಅಡಿ. ಪೂರ್ತಿ ನೆರಳು. ಸೀಬೆಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಇಲ್ಲವಾದರೆ ಬರೀ ಸೊಪ್ಪು ಬೆಳೆಯುತ್ತದೆ. ಬಿಸಿಲು ಹುಡುಕಿಕೊಂಡು ರಸ್ತೆ ಕಡೆ ವಾಲುತ್ತದೆ. ಕಾಯಿ ಬಿಟ್ಟರೂ ಕಾಂಪೌಂಡ್ ಆಚೆ.

ಇದು ದಾಸವಾಳಕ್ಕೂ ಅನ್ವಯಿಸುತ್ತೆ ಹೂಬುಟ್ಟಿಯವರೇ. ನೆರಳಲ್ಲಿ ದಾಸವಾಳ ಬದುಕುತ್ತೆ, ಆದರೆ ಹೂವು ಕಮ್ಮಿ.

ಗಾಂಧಿಬಜಾರ್ ಗುಂಡ

ಕಾಂಪೌಂಡ್ ಆಚೆ ಬಿಟ್ಟರೆ ಇನ್ನೂ ಒಳ್ಳೇದು. ಕೋಲಿನವರಿಗೆ ಕೆಲಸ ಸುಲಭ.

ಕೆಮ್ಮಣ್ಣು

ನೆರಳಿನ ಮಾತು ಸರಿ, ಒಪ್ಪಿದೆ. ಪಕ್ಕದ ಸೈಟುಗಳು ಹೇಗಿವೆ ಮೇಡಂ? ಪೂರ್ವಕ್ಕೋ ಪಶ್ಚಿಮಕ್ಕೋ ಖಾಲಿ ಇದ್ದರೆ ಅಡ್ಡ ಬಿಸಿಲು ಬೀಳುತ್ತೆ.

ಉತ್ತರಬಾಗಿಲು

ಪೂರ್ವಕ್ಕೆ ಖಾಲಿ ಸೈಟ್ ಇದೆ ಸರ್. ಆ ಮೂಲೆಗೆ ಬೆಳಗ್ಗೆ ಹನ್ನೊಂದರ ತನಕ ಬಿಸಿಲು ಇರುತ್ತೆ ಅಂತ ಅತ್ತೆ ಹೇಳಿದರು. ಚಳಿಗಾಲದಲ್ಲಿ ಅವರು ಅಲ್ಲೇ ಕುರ್ಚಿ ಹಾಕಿಕೊಂಡು ಪೇಪರ್ ಓದೋದು. ಆದರೆ ಸಂಪ್ ಇರೋದೂ ಅದೇ ಮೂಲೆಯಲ್ಲಿ, ಮಣ್ಣಿನಿಂದ ಎರಡಡಿ ದೂರ.

ಸಂಪಿನ ಪಕ್ಕದವ

ಹ್ಞಾಂ, ಬಂತು ನೋಡಿ! ಈಶಾನ್ಯದಲ್ಲಿ ನೀರು ಇರಬೇಕು ಅಂತ ವಾಸ್ತುವಿನವರು ಹೇಳ್ತಾರೆ. ಊರಿನ ಅರ್ಧ ಮನೆಗಳಲ್ಲಿ ಸಂಪ್ ಅಲ್ಲೇ. ಉತ್ತರ ದಿಕ್ಕಿನ ಮನೆಗೆ ಬೆಳಗಿನ ಬಿಸಿಲು ಬೀಳೋದೂ ಅಲ್ಲೇ.

ಸೀಬೆ ಬೇರು ಆಲದ ಬೇರಿನ ಥರ ಗೋಡೆ ಸೀಳುವುದಿಲ್ಲ, ಬಹುಪಾಲು ಮೇಲ್ಮಣ್ಣಿನಲ್ಲೇ ಹರಡುತ್ತೆ. ನಿಜ. ಆದರೆ ಹಳೇ ಸಂಪಿನ ಗೋಡೆಯಲ್ಲಿ ಕೂದಲೆಳೆ ಬಿರುಕು ಇದ್ದೇ ಇರುತ್ತೆ. ತೇವ ಎಲ್ಲಿದೆಯೋ ಬೇರು ಅಲ್ಲಿಗೆ ಹೋಗುತ್ತೆ. ಯಾವುದೇ ಮರವನ್ನು ಸಂಪಿನಿಂದ, ಒಳಚರಂಡಿ ಚೇಂಬರಿನಿಂದ ಎಂಟು ಹತ್ತು ಅಡಿ ದೂರ ಇಡಿ ಅಂತ ನಾನು ಎಲ್ಲರಿಗೂ ಹೇಳೋದು. ಎರಡಡಿ ಅಂದರೆ ಬೇಡವೇ ಬೇಡ. ಸಂಪ್ ಸೋರುತ್ತಿದೆ ಅಂತ ಗೊತ್ತಾಗುವ ಹೊತ್ತಿಗೆ ಅರ್ಧ ಟ್ಯಾಂಕರ್ ನೀರು ಮಣ್ಣುಪಾಲಾಗಿರುತ್ತೆ.

ಆ ಖಾಲಿ ಸೈಟಿನಲ್ಲಿ ನಾಳೆ ಯಾರಾದರೂ ನಾಲ್ಕು ಅಂತಸ್ತು ಎಬ್ಬಿಸಿದರೆ ಆ ಬಿಸಿಲೂ ಹೋಯಿತು. ಬೇರೆಯವರ ಖಾಲಿ ಸೈಟು ನಂಬಿ ಮರ ನೆಡೋದು ನನಗಂತೂ ಸರಿ ಕಾಣಲ್ಲ.

ಹಳೇ ಮೈಸೂರು

ನಮ್ಮ ಕಡೆ ಸಪೋಟ ಚೆನ್ನಾಗಿ ಬರುತ್ತೆ, ಅದನ್ನೇ ಹಾಕಿ.

ಕೆಮ್ಮಣ್ಣು

ತೋಟದಲ್ಲಿ ಸಪೋಟ ಗಿಡದಿಂದ ಗಿಡಕ್ಕೆ 25-30 ಅಡಿ ಬಿಡ್ತಾರೆ ಸರ್. ಇವರ ಸೈಟೇ 30 ಅಡಿ ಅಗಲ. ರಾತ್ರಿ ಬಾವಲಿ ಬಂದು ಹಣ್ಣು ಕಚ್ಚಿ ಕಾರಿನ ಮೇಲೆ ಬೀಳಿಸೋದು ಬೇರೆ.

ಸೀಬೆ ಬಗ್ಗೆ ಹೇಳಿದ್ದು ಅದಕ್ಕೇ. ಅದನ್ನು ಆಳೆತ್ತರಕ್ಕೇ ನಿಲ್ಲಿಸಬಹುದು. ಸೀಬೆ ಹೂವು ಬಿಡೋದು ಹೊಸ ಚಿಗುರಿನಲ್ಲಿ. ಹಾಗಾಗಿ ಕತ್ತರಿಸಿದಷ್ಟೂ ಒಳ್ಳೇದು. ಸಸಿ ಮೂರಡಿ ಆದಾಗ ತುದಿ ಚಿವುಟಿ. ನಾಲ್ಕು ಕಡೆಗೆ ನಾಲ್ಕು ರೆಂಬೆ ಬಿಟ್ಟು ಉಳಿದದ್ದು ತೆಗೆಯಿರಿ. ಆಮೇಲೆ ಪ್ರತಿ ವರ್ಷ ಏಪ್ರಿಲ್-ಮೇ ಹೊತ್ತಿಗೆ ಹೊಸ ರೆಂಬೆಗಳನ್ನು ಅರ್ಧಕ್ಕೆ ಕತ್ತರಿಸಿ. ಹೀಗೆ ಮಾಡಿದರೆ ಮಳೆಗಾಲದ ಬೆಳೆ ಕಮ್ಮಿಯಾಗಿ ಚಳಿಗಾಲದ ಬೆಳೆ ಜಾಸ್ತಿಯಾಗುತ್ತೆ. ನಮಗೆ ಬೇಕಿರೋದೂ ಅದೇ. ಮಳೆಗಾಲದ ಸೀಬೆ ನೀರು ನೀರು, ರುಚಿಯಿಲ್ಲ, ಸಾಲದ್ದಕ್ಕೆ ಒಳಗೆಲ್ಲ ಹುಳ.

ಹೂಬುಟ್ಟಿ

ಹುಳದ ವಿಷಯ ನೀವೇ ಎತ್ತಿದಿರಿ, ಒಳ್ಳೇದಾಯ್ತು. ಮೊದಲು ಬರೆದಾಗ ಯಾಕೆ ಹೇಳಲಿಲ್ಲ? 🙂

ಕೆಮ್ಮಣ್ಣು

ಕೇಳಿದ್ದರೆ ಹೇಳುತ್ತಿದ್ದೆ ಅಮ್ಮ!

ಅದು ಹಣ್ಣಿನ ನೊಣದ ಕೆಲಸ. ಕಾಯಿ ಬಲಿಯುವಾಗ ನೊಣ ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತೆ. ಹೊರಗಿನಿಂದ ನೋಡಿದರೆ ಒಂದು ಚುಕ್ಕೆ ಮಾತ್ರ, ಕೊಯ್ದರೆ ಒಳಗೆ ಬಿಳೀ ಹುಳ. ಔಷಧಿ ಹೊಡೆಯೋ ಅಗತ್ಯವಿಲ್ಲ. ಕಾಯಿ ನಿಂಬೆ ಗಾತ್ರಕ್ಕೆ ಬಂದಾಗ ಕವರ್ ಕಟ್ಟಿ, ಕಾಗದದ್ದೋ ಬಟ್ಟೆಯದೋ. ಮರ ಆಳೆತ್ತರ ಇದ್ದರೆ ಕಾಯಿ ಕಾಯಿಗೂ ಕೈ ಎಟುಕುತ್ತೆ. ಮೀಥೈಲ್ ಯೂಜಿನಾಲ್ ಅನ್ನೋ, ನೊಣ ಸೆಳೆಯುವ ವಾಸನೆಯ ಮದ್ದು ಹಾಕಿದ ಬಲೆ ಅಂಗಡಿಯಲ್ಲಿ ಸಿಗುತ್ತೆ, ಆದರೆ ಅದಕ್ಕೆ ಬೀಳೋದು ಗಂಡು ನೊಣ ಮಾತ್ರ. ಅದೊಂದನ್ನೇ ನಂಬಿ ಕೂರಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಬಿದ್ದ ಹಣ್ಣನ್ನು ದಿನಾ ಎತ್ತಬೇಕು. ಹುಳ ಹಣ್ಣಿನಿಂದ ಮಣ್ಣಿಗಿಳಿದು, ಅಲ್ಲೇ ಕೋಶ ಕಟ್ಟಿ, ಮತ್ತೆ ನೊಣವಾಗಿ ಬರುತ್ತೆ.

ಹಣ್ಣು ಎತ್ತೋರು ಯಾರು ಅಂತ ಯಜಮಾನರು ಖಂಡಿತ ಕೇಳ್ತಾರೆ. ಉತ್ತರ ರೆಡಿ ಇಟ್ಟುಕೊಳ್ಳಿ ಮೇಡಂ.

ಉತ್ತರಬಾಗಿಲು

ಆಗಲೇ ಕೇಳಿದರು ಸರ್. ಹಿಂದೆ ನಿಂತು ಓದುತ್ತಿದ್ದಾರೆ.

ಯಲಹಂಕ ಹಿತ್ತಲು

ಹೂವಿನ ಗಿಡ ಅಂದರೆ ಕೆಲಸವೇ ಇಲ್ಲ ಅಂತಲೂ ಅಲ್ಲ. ದಾಸವಾಳಕ್ಕೆ ಹಿಟ್ಟು ತಿಗಣೆ ಬಂದರೆ ಚಿಗುರೆಲ್ಲ ಮುರುಟಿ ಬಿಳೀ ಹತ್ತಿ ಅಂಟಿಸಿದ ಹಾಗೆ ಆಗುತ್ತೆ. 2008ರಲ್ಲಿ ಪಪ್ಪಾಯ ಹಿಟ್ಟು ತಿಗಣೆ ಅಂತ ಒಂದು ಹೊರಗಿನ ಕೀಟ ದಕ್ಷಿಣ ಭಾರತಕ್ಕೆ ಬಂದು ಪರಂಗಿ ತೋಟಗಳನ್ನೇ ಹಾಳು ಮಾಡಿತು. ದಾಸವಾಳ, ಸೀಬೆ ಯಾವುದನ್ನೂ ಬಿಡಲಿಲ್ಲ. ಆಗ ನಮ್ಮ ಹೆಬ್ಬಾಳದ ಕೀಟ ಸಂಸ್ಥೆಯವರು 2010ರಲ್ಲಿ ಪೋರ್ಟೊರಿಕೊದಿಂದ ಒಂದು ಪುಟ್ಟ ಪರಾವಲಂಬಿ ಕಣಜ ತರಿಸಿ, ಇಲ್ಲಿ ಬೆಳೆಸಿ ಬಿಟ್ಟರು. ಅದು ಆ ತಿಗಣೆಯೊಳಗೇ ಮೊಟ್ಟೆ ಇಟ್ಟು ಅದನ್ನು ಮುಗಿಸುತ್ತೆ. ಆ ಪಿಡುಗು ಬೇಗ ಇಳಿಯಿತು. ಗಿಡದಲ್ಲಿ ಸ್ವಲ್ಪ ತಿಗಣೆ ಕಂಡ ಕೂಡಲೇ ಕೀಟನಾಶಕ ಹೊಡೆಯಬೇಡಿ ಅನ್ನೋದು ಇದಕ್ಕೇ, ಇಂಥ ಕಣಜವೂ ಸಾಯುತ್ತೆ. ಪೈಪಿನಿಂದ ಜೋರಾಗಿ ನೀರು ಬಿಟ್ಟು ತೊಳೆಯಿರಿ. ಹೋಗದಿದ್ದರೆ ಬೇವಿನ ಎಣ್ಣೆ, ಸೋಪಿನ ನೀರು.

ನೀರು ಅಂದಾಗ ನೆನಪಾಯಿತು. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಬಾರದು ಅಂತ ಜಲಮಂಡಳಿ ಆದೇಶ ಮಾಡಿ 5,000 ರೂಪಾಯಿ ದಂಡ ಅಂದಿತ್ತು. ಬೇಸಿಗೆಯಲ್ಲಿ ಇಂಥದ್ದು ಮತ್ತೆ ಬರಬಹುದು. ತರಕಾರಿ ತೊಳೆದ ನೀರು, ಅಕ್ಕಿ ತೊಳೆದ ನೀರು ಒಂದು ಬಕೆಟ್‌ಗೆ ಹಿಡಿದಿಡಿ. ಬೇರೂರಿದ ಒಂದು ಗಿಡಕ್ಕೆ ಅಷ್ಟು ಸಾಕು.

ಹೂಬುಟ್ಟಿ

ಸರಿ, ಈಗ ನನ್ನ ಸರದಿ. ಉತ್ತರದ ನೆರಳು, ಪಕ್ಕದಲ್ಲಿ ಸಂಪ್, ಐದಡಿ ಅಗಲ. ಇದನ್ನೆಲ್ಲ ಇಟ್ಟುಕೊಂಡು ನೋಡಿದರೆ ನನ್ನ ಆಯ್ಕೆ ನಂದಿಬಟ್ಟಲು. ದಾಸವಾಳ ಅಲ್ಲ. ಯಲಹಂಕದವರು ಹೇಳಿದ್ದು ಸರಿ, ಅದಕ್ಕೆ ಬಿಸಿಲು ಸಾಲದು.

ನಂದಿಬಟ್ಟಲು ಅರೆನೆರಳಲ್ಲೂ ಹೂವು ಬಿಡುತ್ತೆ. ವರ್ಷವಿಡೀ ಹಸಿರು, ಎಲೆ ಉದುರಿಸಿ ಬೋಳಾಗಲ್ಲ. ಬಿಟ್ಟರೆ ಏಳೆಂಟು ಅಡಿ ಬೆಳೆಯುತ್ತೆ, ಕತ್ತರಿಸಿದರೆ ಸೊಂಟದೆತ್ತರಕ್ಕೆ ನಿಲ್ಲುತ್ತೆ. ಒಂದೆಸಳಿನದು, ಸುತ್ತು ಎಸಳಿನದು ಎರಡೂ ಸಿಗುತ್ತೆ. ಮುರಿದಲ್ಲಿ ಬಿಳೀ ಹಾಲು ಬರುತ್ತೆ, ಕಣ್ಣಿಗೆ ತಾಗದ ಹಾಗೆ ನೋಡಿಕೊಳ್ಳಿ. ಕೆಲವೊಮ್ಮೆ ಬೆರಳು ಗಾತ್ರದ ಹಸಿರು ಹುಳ ಕಾಣುತ್ತೆ, ತಲೆ ಹತ್ತಿರ ಎರಡು ನೀಲಿ ಕಣ್ಣಿನಂಥ ಮಚ್ಚೆ. ಗಾಬರಿ ಬೇಡ, ಕಚ್ಚಲ್ಲ. ದೊಡ್ಡ ಪತಂಗದ ಮರಿ ಅದು. ಒಂದಷ್ಟು ಎಲೆ ತಿಂದು ಹೋಗುತ್ತೆ, ಗಿಡ ಮತ್ತೆ ಚಿಗುರುತ್ತೆ.

ನರ್ಸರಿಯವರು ಏನೇನೋ ತೋರಿಸುತ್ತಾರೆ. ಕಣಗಲೆ ಬೇಡ, ಎಲೆ, ಹೂವು, ಕಾಂಡ ಎಲ್ಲವೂ ವಿಷ. ಗೇಟಿನ ಪಕ್ಕ ಮಕ್ಕಳ ಕೈಗೆ ಸಿಗುವ ಹಾಗೆ ಇರಬಾರದು. ಬೋಗನ್‌ವಿಲ್ಲಾಗೆ ದಿನವಿಡೀ ಬಿಸಿಲು ಬೇಕು, ಮುಳ್ಳೂ ಇದೆ. ಪಾರಿಜಾತ ನನಗೆ ಪ್ರಾಣ, ಆದರೆ ಅದು ಗಿಡವಾಗಿ ಉಳಿಯಲ್ಲ, ಮರ ಆಗುತ್ತೆ. ಇಕ್ಸೋರಾ ಹುಳಿ ಮಣ್ಣು ಕೇಳುತ್ತೆ. ಮನೆ ಕಟ್ಟಿದಾಗ ಬಿದ್ದ ಸಿಮೆಂಟು, ಸುಣ್ಣ ಮಣ್ಣಿನಲ್ಲಿ ಇದ್ದರೆ ಎಲೆ ಹಳದಿಯಾಗಿ ಕೊರಗುತ್ತೆ.

ಕಾಮಿನಿ ಹಾಕಬಹುದು. ಬಿಳೀ ಹೂವು, ರಾತ್ರಿ ಘಮ ಅಂತಿರುತ್ತೆ.

ಯಲಹಂಕ ಹಿತ್ತಲು

ಕಾಮಿನಿಗೆ ನನ್ನ ತಕರಾರು ಇದೆ. ಮನೆಯಲ್ಲಿ ನಿಂಬೆ ಗಿಡ ಇದ್ದರೆ, ಅಥವಾ ಮುಂದೆ ಹಾಕುವ ಯೋಚನೆ ಇದ್ದರೆ ಬೇಡ. ಎರಡೂ ಒಂದೇ ಕುಟುಂಬ. ನಿಂಬೆ ಜಾತಿಗೆ ಗ್ರೀನಿಂಗ್ ರೋಗ ಹರಡುವ ಸಿಲ್ಲಿಡ್ ಅನ್ನೋ ಸಣ್ಣ ಕೀಟಕ್ಕೆ ಕಾಮಿನಿ ಚಿಗುರು ಬಹಳ ಇಷ್ಟ. ಅಲ್ಲಿ ಮರಿ ಹಾಕಿ ನಿಂಬೆಗೆ ಹಾರುತ್ತೆ. ಆ ರೋಗ ಬಂದ ಗಿಡಕ್ಕೆ ಮದ್ದಿಲ್ಲ.

ಹೂಬುಟ್ಟಿ

ಹೌದಾ! ಇದು ಗೊತ್ತಿರಲಿಲ್ಲ. ನನ್ನ ಕಾಮಿನಿ ಪಕ್ಕದಲ್ಲೇ ಕರಿಬೇವಿದೆ.

ಯಲಹಂಕ ಹಿತ್ತಲು

ಕರಿಬೇವಿನ ಮೇಲೂ ಆ ಕೀಟ ಕೂರುತ್ತೆ. ನಿಂಬೆ ಇಲ್ಲದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ಬನ್ನೇರುಘಟ್ಟ ರಸ್ತೆ

ಒಂದು ವಿಷಯ ಯಾರೂ ಹೇಳಲಿಲ್ಲ. ಮರ ನೆಡೋದು ಸುಲಭ, ತೆಗೆಸೋದು ಸುಲಭವಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರದ್ದು. ನಿಮ್ಮ ಕಾಂಪೌಂಡ್ ಒಳಗಿನ ಮರವಾದರೂ ಕಡಿಯೋಕೆ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಕೆಲವು ಜಾತಿಗೆ ವಿನಾಯಿತಿ ಇದೆ, ತೆಂಗು ಅದರಲ್ಲೊಂದು. ಕಡಿಯೋ ಮುಂಚೆ ಪಾಲಿಕೆಯ ಅರಣ್ಯ ವಿಭಾಗದಲ್ಲಿ ವಿಚಾರಿಸಿ. ಪೊದೆ ಗಿಡಕ್ಕೆ ಈ ರಗಳೆ ಇಲ್ಲ, ಬೇಡವಾದರೆ ಗುದ್ದಲಿ ಸಾಕು.

ಆದರೂ ನನ್ನ ಮನಸ್ಸು ಮರದ ಕಡೆಗೇ. ಎಲ್ಲರೂ ಹೀಗೆ ಲೆಕ್ಕ ಹಾಕುತ್ತಾ ಕೂತರೆ ರಸ್ತೆಯಲ್ಲಿ ನೆರಳೇ ಇರಲ್ಲ.

ಸಂಪಿನ ಪಕ್ಕದವ

ನೆರಳಿನ ಮರಕ್ಕೆ ರಸ್ತೆ ಬದಿ ಇದೆ ಸರ್, ಪಾರ್ಕ್ ಇದೆ. ಐದಡಿ ಜಾಗದ ಮೇಲೆ ಇಡೀ ಊರಿನ ಭಾರ ಹೊರಿಸಬೇಡಿ.

ಮಾಳಿಗೆ ತೋಟ

ಮಣ್ಣಿಗೆ ನಂದಿಬಟ್ಟಲು, ತಾರಸಿಗೆ ಸೀಬೆ! ಇಷ್ಟು ಹೊತ್ತು ಯಾರೂ ಮೇಲೆ ನೋಡಲೇ ಇಲ್ಲವಲ್ಲ.

ಈ ಮನೆಯಲ್ಲಿ ವರ್ಷವಿಡೀ ಬಿಸಿಲು ಬೀಳುವ ಜಾಗ ತಾರಸಿ ಒಂದೇ. 200 ಲೀಟರ್ ಪ್ಲಾಸ್ಟಿಕ್ ಡ್ರಮ್ ತಂದು ಅರ್ಧಕ್ಕೆ ಕೊಯ್ಯಿಸಿ. ತಳಕ್ಕೆ, ಬದಿಗೆ ತೂತು ಹಾಕಿಸಿ. ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ, ಕೋಕೋಪೀಟ್ ಬೆರೆಸಿ ತುಂಬಿ. ಒಂದೆರಡು ಹಿಡಿ ಬೇವಿನ ಹಿಂಡಿ ಸೇರಿಸಿ. ಬರೀ ಮಣ್ಣು ತುಂಬಿದರೆ ನೀರು ಕುಡಿದಾಗ ಒಂದೂವರೆ ಕ್ವಿಂಟಾಲ್ ದಾಟುತ್ತೆ. ಡ್ರಮ್ಮನ್ನು ತಾರಸಿ ನಡುವೆ ಇಡಬೇಡಿ, ಪಿಲ್ಲರ್ ಅಥವಾ ಬೀಮ್ ಮೇಲೆ ಬರುವ ಹಾಗೆ ಅಂಚಿಗೆ ಇಡಿ. ಕೆಳಗೆ ನಾಲ್ಕು ಇಟ್ಟಿಗೆ ಕೊಟ್ಟರೆ ನೀರು ಹರಿದು ಹೋಗುತ್ತೆ, ಸೋರಿಕೆ ಇದ್ದರೂ ಕಣ್ಣಿಗೆ ಕಾಣುತ್ತೆ.

ಡ್ರಮ್ಮಿನಲ್ಲಿ ಗಿಡ ತಾನಾಗೇ ಗಿಡ್ಡ ಉಳಿಯುತ್ತೆ. ನೆಲದ ಮರದಷ್ಟು ಫಸಲು ಬರಲ್ಲ. ಬೇಸಿಗೆಯಲ್ಲಿ ದಿನಾ ನೀರು ಬೇಕೇ ಬೇಕು, ಒಂದು ದಿನ ತಪ್ಪಿದರೂ ಹೀಚು ಉದುರುತ್ತೆ. ಹೂವಿನ ಚೆಂದವೂ ಬೇಕು, ಹಣ್ಣೂ ಬೇಕು ಅಂದರೆ ದಾಳಿಂಬೆ ಹಾಕಬಹುದು, ಹೂವು ನೋಡೋಕೆ ಎಷ್ಟು ಚೆಂದ. ಆದರೆ ನೀರು ಒಂದು ದಿನ ಹೆಚ್ಚು, ಒಂದು ದಿನ ಕಮ್ಮಿಯಾದರೆ ಹಣ್ಣು ಬಿರಿಯುತ್ತೆ. ಬೆಂಗಳೂರಿನ ಮಳೆಗಾಲದಲ್ಲಿ ಕಾಯಿ ಮೇಲೆ ಕಪ್ಪು ಚುಕ್ಕೆ ರೋಗವೂ ಜಾಸ್ತಿ. ಸೀಬೆಯೇ ವಾಸಿ.

ಕೆಮ್ಮಣ್ಣು

ನೆಲದ ಸೀಬೆ ರುಚಿ ಡ್ರಮ್ಮಿಗೆ ಬರಲ್ಲ ಅನ್ನೋ ಮಾತು ನಾನು ಬಿಡಲ್ಲ. ಆದರೆ ಈ ಜಾಗಕ್ಕೆ ಮಾಳಿಗೆಯವರ ಸಲಹೆಯೇ ಸರಿ. ತರುವಾಗ ಒಂದು ಎಚ್ಚರ. ಕಸಿ ಅಂತ ಹೇಳಿ ಬೀಜದ ಗಿಡ ಕೊಡೋರು ಇದ್ದಾರೆ. ಬುಡದಿಂದ ಸ್ವಲ್ಪ ಮೇಲೆ ಕಸಿ ಗಂಟು ಇದೆಯಾ ನೋಡಿ. ಆ ಗಂಟಿನ ಕೆಳಗಿಂದ ಚಿಗುರು ಬಂದರೆ ಆಗಾಗ ಚಿವುಟಿ ಹಾಕಿ, ಅದು ಕಸಿ ಕಟ್ಟಲು ಬಳಸಿದ ಬೇರುಗಿಡದ್ದು, ನಿಮ್ಮ ತಳಿಯದ್ದಲ್ಲ. ಗೂಟಿ ಗಿಡವಾದರೆ ಗಂಟು ಇರಲ್ಲ, ಅಲ್ಲಿ ಮಾರುವವರ ಮಾತೇ ಗತಿ. ಹೆಸರಘಟ್ಟಕ್ಕೆ ಹೋಗೋದಾದರೆ ಗಿಡ ಇದೆಯಾ ಅಂತ ಮುಂಚೆ ಕೇಳಿಕೊಂಡು ಹೋಗಿ. ದೂರ ಆಯ್ತು ಅಂದರೆ ಲಾಲ್‌ಬಾಗ್ ಒಳಗಿನ ನರ್ಸರಿ, ಪಕ್ಕದ ಸಿದ್ದಾಪುರದ ನರ್ಸರಿಗಳು ನಿಮಗೆ ಹತ್ತಿರ.

ಉತ್ತರಬಾಗಿಲು

ಎಲ್ಲರಿಗೂ ಧನ್ಯವಾದ. ಮನೆಯಲ್ಲಿ ಕೂತು ಮಾತಾಡಿದೆವು. ಕೆಳಗೆ ನಂದಿಬಟ್ಟಲು, ಸಂಪಿನಿಂದ ದೂರದ ತುದಿಗೆ. ತಾರಸಿಯಲ್ಲಿ ಒಂದು ಡ್ರಮ್, ಅರ್ಕಾ ಕಿರಣ್. ಡ್ರಮ್ಮಿಗೆ ನೀರು ನನ್ನ ಜವಾಬ್ದಾರಿ, ಕೆಳಗಿನದಕ್ಕೆ ಅತ್ತೆ. ಯಜಮಾನರು ಡ್ರಮ್ ಮೇಲೆ ಹೊತ್ತು ಹಾಕೋಕೆ ಒಪ್ಪಿದ್ದಾರೆ, ಖಾಲಿ ಇದ್ದಾಗ ಮಾತ್ರ.

ಆದರೆ ಅತ್ತೆಗೆ ಗಣಪತಿಗೆ ಕೆಂಪು ದಾಸವಾಳ ಇಲ್ಲ ಅನ್ನೋ ಬೇಜಾರು ಹೋಗಿಲ್ಲ.

ಮಾಳಿಗೆ ತೋಟ

ಅದಕ್ಕೇನಂತೆ, ತಾರಸಿ ಬಿಸಿಲಿಗೆ 14 ಇಂಚಿನ ಕುಂಡದಲ್ಲಿ ದಾಸವಾಳ ಆರಾಮಾಗಿ ಬರುತ್ತೆ. ವಾಕಿಂಗ್‌ನವರ ಕೋಲು ಅಲ್ಲಿಗೆ ಎಟುಕಲ್ಲ.

ಹೂಬುಟ್ಟಿ

ದಾಸವಾಳಕ್ಕೆ ದುಡ್ಡು ಕೊಡಬೇಡಿ ಅಕ್ಕಾ. ಯಾರ ಮನೆಯಲ್ಲಾದರೂ ಕೇಳಿ ಪೆನ್ಸಿಲ್ ದಪ್ಪದ, ಗೇಣುದ್ದದ ಕಡ್ಡಿ ತನ್ನಿ. ತೀರಾ ಎಳೆಯದು ಬೇಡ, ಕೊಳೆಯುತ್ತೆ. ಕೆಳಗಿನ ಎಲೆ ತೆಗೆದು, ಗೆಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ಮರಳು ಬೆರೆಸಿದ ಮಣ್ಣಿನಲ್ಲಿ ಎರಡು ಗೆಣ್ಣು ಮುಚ್ಚುವ ಹಾಗೆ ನೆಡಿ. ನೆರಳಲ್ಲಿಟ್ಟು ಮಣ್ಣು ಒಣಗದ ಹಾಗೆ ನೋಡಿಕೊಳ್ಳಿ. ಹೊಸ ಎಲೆ ನಾಲ್ಕೈದು ಬಂದ ಮೇಲೆ ತಾರಸಿಗೆ ಸಾಗಿಸಿ. ನಂದಿಬಟ್ಟಲೂ ಹೀಗೇ ಕಡ್ಡಿಯಿಂದ ಬರುತ್ತೆ. ನಾಲ್ಕು ಕಡ್ಡಿ ನೆಡಿ, ಒಂದೆರಡಾದರೂ ಹಿಡಿಯುತ್ತೆ.